ಹೊಸ ಕಾರ್ಯಾಚರಣ ವ್ಯವಸ್ಥೆ: ಗಣಕದ ಕೀಲಿಕೈ ಯಾರ ಬಳಿ ಇದೆ?

ಬಡವನಹಳ್ಳಿಯಲ್ಲಿ ಎಣ್ಣೆ ಮಿಲ್ಲೊಂದನ್ನು ನಡೆಸುವ ವರ್ತಕರೊಬ್ಬರ ಕಚೇರಿಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಬೆಳಗಿನ ಹತ್ತು ಗಂಟೆ. ಕಡಲೆಕಾಯಿ ಎಣ್ಣೆಯ ಡಬ್ಬಗಳನ್ನು ಹೇರಿಕೊಂಡ ಲಾರಿ ಅಂಗಳದಲ್ಲಿ ಸಿದ್ಧವಾಗಿ ನಿಂತಿದೆ. ಸರಕಿನ ಮೌಲ್ಯ 50,000 ರೂಪಾಯಿಗಳನ್ನು ಮೀರಿರುವುದರಿಂದ ಇ-ವೇ ಬಿಲ್ ಇಲ್ಲದೆ ಅದು ಹೊರಡುವಂತಿಲ್ಲ. ಹಿಂದಿನ ಸಂಜೆ ಮಧುಗಿರಿಯಿಂದ ಬಂದಿದ್ದ ತಂತ್ರಜ್ಞನು ಕಚೇರಿಯ ಗಣಕದಲ್ಲಿದ್ದ ವಿಂಡೋಸ್ 10 ತೆಗೆದು ವಿಂಡೋಸ್ 11 ಸ್ಥಾಪಿಸಿ ಹೋಗಿದ್ದಾನೆ. ಗುಮಾಸ್ತರು ಯಂತ್ರವನ್ನು ಚಾಲೂ ಮಾಡಿ, ವರ್ಷಗಳಿಂದ ಬಳಸುತ್ತಿದ್ದ ಪಾಸ್‌ವರ್ಡನ್ನೇ ಒತ್ತುತ್ತಾರೆ. ತಪ್ಪು ಎಂಬ ಉತ್ತರ ಬರುತ್ತದೆ. ಮತ್ತೊಮ್ಮೆ, ಮಗದೊಮ್ಮೆ ಒತ್ತಿದರೂ ಅದೇ ಉತ್ತರ. ದೂರವಾಣಿ ಮಾಡಿದರೆ ತಂತ್ರಜ್ಞನ ಸಲಹೆ ಸಿದ್ಧವಾಗಿದೆ: “ಮಧುಗಿರಿಗೆ ತಂದುಬಿಡಿ ಸಾರ್, ಫಾರ್ಮ್ಯಾಟ್ ಮಾಡಿಬಿಡೋಣ. ಅರ್ಧ ಗಂಟೆ ಕೆಲಸ.”

ಆ ಅರ್ಧ ಗಂಟೆಯ ಕೆಲಸದಲ್ಲಿ ಹಲವು ವರ್ಷಗಳ ಲೆಕ್ಕಪತ್ರ ಅಳಿಸಿಹೋಗುವ ಸಂಭವವಿದೆ ಎಂಬುದನ್ನು ನಮ್ಮ ವರ್ತಕ ಬಾಂಧವರಲ್ಲಿ ಅನೇಕರು ಅರಿತಿರುವುದಿಲ್ಲ. ಹೊಸ ವ್ಯವಸ್ಥೆಯ ನಂತರ ಎದುರಾಗುವ ಪ್ರವೇಶದ ತೊಂದರೆಗಳಲ್ಲಿ ಬಹುಪಾಲು ಯಂತ್ರದ ದೋಷವಲ್ಲ. ಗಣಕದ ಕೀಲಿಕೈ ಯಾರ ಹೆಸರಿನಲ್ಲಿದೆ, ಯಾರ ಬಳಿ ಉಳಿದಿದೆ ಎಂಬ ವಿಷಯದಲ್ಲಿ ನಾವು ತೋರುವ ಉದಾಸೀನತೆಯ ಫಲ. ಆದುದರಿಂದ ತೊಂದರೆ ಬಂದಾಗ ಕ್ರಮವಾಗಿ ಏನನ್ನು ಪರಿಶೀಲಿಸಬೇಕು, ತೊಂದರೆ ಬಾರದಂತೆ ಮುಂಚಿತವಾಗಿ ಏನು ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಬದಲಾವಣೆ ಏಕೆ ಅನಿವಾರ್ಯವಾಯಿತು?

ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಬಲ 2014ರ ಏಪ್ರಿಲ್ 8ರಂದು ಮುಗಿಯಿತು. ವಿಂಡೋಸ್ 7ರ ಸರದಿ 2020ರ ಜನವರಿ 14ರಂದು ಬಂದಿತು. 2015ರ ಜುಲೈನಲ್ಲಿ ಬಿಡುಗಡೆಯಾಗಿದ್ದ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ನೋಂದಾಯಿಸಿಕೊಂಡ ವೈಯಕ್ತಿಕ ಬಳಕೆಯ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆಗಳನ್ನು ನೀಡುವುದಾಗಿ ಸಂಸ್ಥೆಯು ಆಗ ಪ್ರಕಟಿಸಿತು.

ಬೆಂಬಲ ಮುಗಿದೊಡನೆ ಗಣಕವು ನಿಂತುಹೋಗುವುದಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ಪರಿಹಾರ ದೊರೆಯುವುದಿಲ್ಲ. ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ವಿವರಪಟ್ಟಿ, ಕೃಷಿ ಉತ್ಪನ್ನ ಮಾರುಕಟ್ಟೆಯ ಆನ್‌ಲೈನ್ ಟೆಂಡರ್ ಇವೆಲ್ಲವೂ ಒಂದೇ ಯಂತ್ರದಲ್ಲಿ ನಡೆಯುವ ಕಚೇರಿಗೆ ಇದು ಸಣ್ಣ ವಿಷಯವಲ್ಲ. ಹೀಗಾಗಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸಣ್ಣ ವರ್ತಕರೂ ವಿಂಡೋಸ್ 11ಕ್ಕೆ ಬದಲಾಗಬೇಕಾದ ಸಂದರ್ಭ ಬಂದಿದೆ.

ಬಾಗಿಲೇ ಬದಲಾಗಿದೆ

ಹಿಂದೆ ಗಣಕದ ಬಾಗಿಲಿಗೆ ಒಂದೇ ಬೀಗವಿತ್ತು. ಒಂದು ಬಳಕೆದಾರರ ಹೆಸರು, ಒಂದು ಪಾಸ್‌ವರ್ಡ್. ಎರಡೂ ಆ ಯಂತ್ರದೊಳಗೇ ಇರುತ್ತಿದ್ದವು. ಇದಕ್ಕೆ ಸ್ಥಳೀಯ ಖಾತೆ ಎನ್ನುತ್ತಾರೆ. ವಿಂಡೋಸ್ 11 ಸ್ಥಾಪನೆಯ ಸಮಯದಲ್ಲಿಯೇ ಸಾಮಾನ್ಯವಾಗಿ ಅಂತರಜಾಲ ಸಂಪರ್ಕವನ್ನೂ ಮೈಕ್ರೋಸಾಫ್ಟ್ ಖಾತೆಯನ್ನೂ ಕೇಳುತ್ತದೆ. ಈ ಖಾತೆಯು ಒಂದು ಇ-ಮೇಲ್ ವಿಳಾಸಕ್ಕೆ ಸೇರಿದ್ದು, ಅದರ ಪಾಸ್‌ವರ್ಡ್ ಸಂಸ್ಥೆಯ ಸರ್ವರ್‌ನಲ್ಲಿರುತ್ತದೆ. ಆಮೇಲೆ ದಿನನಿತ್ಯದ ಬಳಕೆಗಾಗಿ ಪಿನ್ ಒಂದನ್ನು ರಚಿಸುವಂತೆ ವ್ಯವಸ್ಥೆಯೇ ಸೂಚಿಸುತ್ತದೆ. ಈ ಪಿನ್ ಆ ಯಂತ್ರಕ್ಕೆ ಮಾತ್ರ ಸೀಮಿತ.

ಇಲ್ಲಿಯೇ ತೊಡಕಿನ ಮೂಲವಿದೆ. ವರ್ತಕರ ಬಳಿ ಇ-ಮೇಲ್ ವಿಳಾಸ ಸಿದ್ಧವಿಲ್ಲದಿದ್ದರೆ ಅಥವಾ ಇದ್ದ ವಿಳಾಸದ ಪಾಸ್‌ವರ್ಡ್ ನೆನಪಿಲ್ಲದಿದ್ದರೆ, ತಂತ್ರಜ್ಞನು ಕೆಲಸ ಮುಗಿಸುವ ಆತುರದಲ್ಲಿ ತನ್ನದೇ ಖಾತೆಯನ್ನು ಹಾಕಿಬಿಡಬಹುದು. ಇಲ್ಲವೇ ಸ್ಥಳದಲ್ಲಿಯೇ ಹೊಸ ವಿಳಾಸವೊಂದನ್ನು ಸೃಷ್ಟಿಸಿ ಹೇಳದೆ ಹೋಗಬಹುದು. ಇದರಲ್ಲಿ ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ. ಆದರೆ ಅಂದಿನಿಂದ ಆ ಗಣಕದ ಒಡೆತನ ಕಾಗದದ ಮೇಲೆ ನಿಮ್ಮದು, ಕೀಲಿಕೈ ಮಾತ್ರ ಇನ್ನೊಬ್ಬರದು.

ಮೊದಲು ಕೀಲಿಮಣೆಯನ್ನು ಪರೀಕ್ಷಿಸಿ

ಪ್ರವೇಶ ನಿರಾಕರಣೆಯಾದೊಡನೆ ಗಾಬರಿಗೊಂಡು ಪದೇ ಪದೇ ಒತ್ತುವುದು ಸರಿಯಲ್ಲ. ಹೊಸದಾಗಿ ಸ್ಥಾಪಿಸಿದ ವಿಂಡೋಸ್ 11ರಲ್ಲಿ ಸ್ಥಳೀಯ ಖಾತೆಯ ಪಾಸ್‌ವರ್ಡನ್ನು ಹತ್ತು ಬಾರಿ ತಪ್ಪಾಗಿ ಕೊಟ್ಟರೆ ಖಾತೆಯು ಹತ್ತು ನಿಮಿಷ ಮುಚ್ಚಿಕೊಳ್ಳುತ್ತದೆ. ಪಿನ್ ಅನ್ನು ಹಲವು ಬಾರಿ ತಪ್ಪಾಗಿ ಒತ್ತಿದರೆ “ಎ1ಬಿ2ಸಿ3” ಎಂಬ ಅಕ್ಷರಾಂಕಗಳನ್ನು ಇಂಗ್ಲಿಷಿನಲ್ಲಿ ಬರೆಯುವಂತೆ ಪರದೆ ಕೇಳುತ್ತದೆ. ಅದು ಹೊಸ ಪಾಸ್‌ವರ್ಡ್ ಅಲ್ಲ. ಒತ್ತುತ್ತಿರುವವರು ಮನುಷ್ಯರೇ, ಕೀಲಿಮಣೆ ಸರಿಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವ ಕ್ರಮ ಮಾತ್ರ.

ಪಾಸ್‌ವರ್ಡ್ ಬರೆಯುವ ಚೌಕದ ಬಲತುದಿಯಲ್ಲಿರುವ ಕಣ್ಣಿನ ಚಿಹ್ನೆಯನ್ನು ಒತ್ತಿ ಹಿಡಿದರೆ ಬರೆದದ್ದು ಕಾಣುತ್ತದೆ. ಕ್ಯಾಪ್ಸ್ ಲಾಕ್ ಚಾಲೂ ಆಗಿರುವುದು, ನಮ್ ಲಾಕ್ ಆರಿಹೋಗಿರುವುದು ಇವು ಹಳೆಯ ಕಾರಣಗಳು. ಹೊಸ ಸ್ಥಾಪನೆಯಲ್ಲಿ ಇವಕ್ಕಿಂತ ಹೆಚ್ಚು ಕಾಡುವುದು ಕೀಲಿಮಣೆಯ ಭಾಷೆ.

ನಮ್ಮಲ್ಲಿ ಬಹಳಷ್ಟು ಮಂದಿಯ ಪಾಸ್‌ವರ್ಡ್‌ನಲ್ಲಿ ಅಂಗಡಿಯ ಹೆಸರು, ಅದರ ಮುಂದೆ ‘ಅಟ್’ ಚಿಹ್ನೆ, ಅನಂತರ ಮೂರು ಅಂಕೆಗಳು ಇರುವುದು ರೂಢಿ. ಅಮೆರಿಕದ ಇಂಗ್ಲಿಷ್ ಕೀಲಿಮಣೆಯಲ್ಲಿ ಶಿಫ್ಟ್ ಜೊತೆ 2 ಒತ್ತಿದರೆ ‘ಅಟ್’ ಚಿಹ್ನೆ ಬರುತ್ತದೆ. ಸ್ಥಾಪಿಸುವಾಗ ಬ್ರಿಟನ್ನಿನ ಇಂಗ್ಲಿಷ್ ಆಯ್ಕೆಯಾಗಿದ್ದರೆ ಅದೇ ಕೀಲಿಯಿಂದ ಉದ್ಧರಣ ಚಿಹ್ನೆ ಬರುತ್ತದೆ. ಬೆರಳು ಸರಿಯಾಗಿಯೇ ಒತ್ತಿದೆ, ಪಾಸ್‌ವರ್ಡ್ ತಪ್ಪಾಗಿದೆ. ಚುಕ್ಕೆಗಳಷ್ಟೇ ಕಾಣುವುದರಿಂದ ಗುಮಾಸ್ತರಿಗೆ ಇದು ತಿಳಿಯುವುದಿಲ್ಲ. ಕನ್ನಡ ಕೀಲಿಮಣೆಯನ್ನು ಸೇರಿಸಿಕೊಂಡವರಿಗೆ ಪ್ರವೇಶ ಪರದೆಯಲ್ಲಿಯೂ ಅದೇ ಮುಂದುವರಿದಿದ್ದರೆ ಇಂಗ್ಲಿಷ್ ಅಕ್ಷರಗಳೇ ಮೂಡುವುದಿಲ್ಲ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಭಾಷೆಯ ಸೂಚಕವಿರುತ್ತದೆ. ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸ್ ಬಾರ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಪಿನ್ ಬೇರೆ, ಪಾಸ್‌ವರ್ಡ್ ಬೇರೆ

ಕೀಲಿಮಣೆ ಸರಿಯಿದ್ದರೆ ಪರದೆಯು ಏನನ್ನು ಕೇಳುತ್ತಿದೆ ಎಂಬುದನ್ನು ಗಮನಿಸಬೇಕು. ಪಿನ್ ಕೇಳುವಲ್ಲಿ ಪಾಸ್‌ವರ್ಡ್ ಕೊಟ್ಟರೂ, ಪಾಸ್‌ವರ್ಡ್ ಕೇಳುವಲ್ಲಿ ಪಿನ್ ಕೊಟ್ಟರೂ ಬಾಗಿಲು ತೆರೆಯದು. ವ್ಯವಸ್ಥೆಯನ್ನು ಅಳಿಸಿ ಹೊಸದಾಗಿ ಸ್ಥಾಪಿಸಿದಾಗ ಹಳೆಯ ಪಿನ್ ಅಳಿದಿರುತ್ತದೆ. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಮಾತ್ರ ಮೊದಲಿನದೇ ಆಗಿರುತ್ತದೆ.

ಚೌಕದ ಕೆಳಗೆ ಪ್ರವೇಶದ ಆಯ್ಕೆಗಳು ಎಂಬ ಅರ್ಥದ ಇಂಗ್ಲಿಷ್ ಸಾಲಿದೆ. ಅದನ್ನು ಒತ್ತಿದರೆ ಪಿನ್, ಪಾಸ್‌ವರ್ಡ್, ಬೆರಳಚ್ಚು ಮುಂತಾದವುಗಳ ಚಿಹ್ನೆಗಳು ಕಾಣುತ್ತವೆ. 2025ರ ಆಗಸ್ಟ್ ಅಂತ್ಯದ ಪರಿಷ್ಕರಣೆಯೊಂದರ ನಂತರ ಕೆಲವು ವಿಂಡೋಸ್ 11 ಯಂತ್ರಗಳಲ್ಲಿ ಪಾಸ್‌ವರ್ಡಿನ ಚಿಹ್ನೆಯೇ ಅದೃಶ್ಯವಾಯಿತೆಂದು ಸ್ವತಃ ಮೈಕ್ರೋಸಾಫ್ಟ್ ಒಪ್ಪಿಕೊಂಡಿತು. ಚಿಹ್ನೆ ಕಾಣದಿದ್ದರೂ ಅದರ ಜಾಗದ ಮೇಲೆ ಮೌಸ್ ಒಯ್ದರೆ ಗುಂಡಿ ಅಲ್ಲಿಯೇ ಇರುತ್ತಿತ್ತು. ಇಷ್ಟು ತಿಳಿಯದೆ ಯಂತ್ರವನ್ನು ಹೊತ್ತು ಪಟ್ಟಣಕ್ಕೆ ಹೋಗುವುದು ಎಷ್ಟು ವ್ಯರ್ಥ!

ಇನ್ನೊಂದು ಸಂದರ್ಭವನ್ನೂ ನೆನಪಿಡಬೇಕು. ಮೊಬೈಲಿನಲ್ಲಿ ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಬದಲಾಯಿಸಿದ ನಂತರ, ಗಣಕಕ್ಕೆ ಅಂತರಜಾಲ ಸಂಪರ್ಕ ಸಿಗುವವರೆಗೆ ಹೊಸ ಪಾಸ್‌ವರ್ಡ್ ಅದಕ್ಕೆ ತಿಳಿದಿರುವುದಿಲ್ಲ. ಪ್ರವೇಶ ಪರದೆಯ ಕೆಳಮೂಲೆಯಲ್ಲಿಯೇ ವೈ-ಫೈ ಚಿಹ್ನೆ ಇರುತ್ತದೆ. ಬ್ರಾಡ್‌ಬ್ಯಾಂಡ್ ಕೈಕೊಟ್ಟಿದ್ದರೆ ಮೊಬೈಲಿನ ಹಾಟ್‌ಸ್ಪಾಟ್ ಮೂಲಕ ಸಂಪರ್ಕ ಕೊಟ್ಟು ಮತ್ತೆ ಪ್ರಯತ್ನಿಸಬೇಕು.

ನಿಜವಾಗಿಯೂ ಮರೆತಿದ್ದರೆ

ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಮರೆತಿದ್ದರೆ ಬೇರೊಂದು ಮೊಬೈಲಿನಿಂದ ಸಂಸ್ಥೆಯ ಅಧಿಕೃತ ತಾಣಕ್ಕೆ ಹೋಗಿ ಹೊಸದನ್ನು ಪಡೆಯಬಹುದು. ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆಗೆ ಅಥವಾ ಇನ್ನೊಂದು ಇ-ಮೇಲ್‌ಗೆ ಸಂಕೇತ ಬರುತ್ತದೆ. ಆ ಸಂಖ್ಯೆಯು ಕೆಲಸ ಬಿಟ್ಟುಹೋದ ಗುಮಾಸ್ತರದ್ದಾಗಿದ್ದರೆ ಕಷ್ಟ ಅಲ್ಲಿಂದ ಆರಂಭ. ಭದ್ರತಾ ವಿವರಗಳನ್ನೆಲ್ಲ ಒಟ್ಟಿಗೆ ಬದಲಾಯಿಸಬೇಕಾದಾಗ ಸಂಸ್ಥೆಯು 30 ದಿನಗಳ ಕಾಯುವ ಅವಧಿಯನ್ನು ವಿಧಿಸುತ್ತದೆ. ಮಾಸಿಕ ವಿವರಪಟ್ಟಿ ಸಲ್ಲಿಸುವ ವರ್ತಕರಿಗೆ ಈ ಅವಧಿಯಲ್ಲಿ ಜಿಎಸ್‌ಟಿಆರ್-1ರ 11ನೆಯ ತಾರೀಖು, ಜಿಎಸ್‌ಟಿಆರ್-3ಬಿಯ 20ನೆಯ ತಾರೀಖು ಎರಡೂ ಬಂದುಹೋಗುತ್ತವೆ.

ಸ್ಥಳೀಯ ಖಾತೆಯಾದರೆ ಸ್ಥಾಪನೆಯ ವೇಳೆ ಆರಿಸಿದ ಮೂರು ಭದ್ರತಾ ಪ್ರಶ್ನೆಗಳಿಗೆ ಉತ್ತರಿಸಿ ಹೊಸ ಪಾಸ್‌ವರ್ಡ್ ಇಡಬಹುದು. ತಂತ್ರಜ್ಞನು ಆ ಉತ್ತರಗಳನ್ನು ತನಗೆ ತೋಚಿದಂತೆ ತುಂಬಿದ್ದರೆ ಅವನನ್ನೇ ಕೇಳಬೇಕಾಗುತ್ತದೆ. ಅದೇ ಯಂತ್ರದಲ್ಲಿ ನಿರ್ವಾಹಕ ಅಧಿಕಾರವುಳ್ಳ ಎರಡನೆಯ ಖಾತೆಯಿದ್ದರೆ ಅದರಿಂದ ಮೊದಲನೆಯ ಸ್ಥಳೀಯ ಖಾತೆಯ ಪಾಸ್‌ವರ್ಡನ್ನು ಬದಲಿಸಬಹುದು.

ನಲವತ್ತೆಂಟು ಅಂಕೆಗಳ ಕೀಲಿ

ಮೇಲಿನ ತೊಂದರೆಗಳೆಲ್ಲ ಸಮಯವನ್ನಷ್ಟೇ ನುಂಗುತ್ತವೆ. ಲೆಕ್ಕಪತ್ರವನ್ನೇ ನುಂಗಬಲ್ಲದ್ದು ಇನ್ನೊಂದಿದೆ. ಯಂತ್ರವನ್ನು ಚಾಲೂ ಮಾಡಿದೊಡನೆ ನೀಲಿ ಪರದೆಯೊಂದು ಬಂದು ‘ಬಿಟ್‌ಲಾಕರ್’ ಎಂಬ ಹೆಸರಿನಡಿ 48 ಅಂಕೆಗಳ ಕೀಲಿಯನ್ನು ಕೇಳಬಹುದು. ಇದು ಪಾಸ್‌ವರ್ಡ್ ಅಲ್ಲ, ಪಿನ್ ಅಲ್ಲ. ಹಾರ್ಡ್ ಡಿಸ್ಕಿನಲ್ಲಿರುವ ಸಮಸ್ತ ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸಿ ಇಡಲಾಗಿದ್ದು, ಅದನ್ನು ಬಿಡಿಸುವ ಕೀಲಿಯಿದು.

2024ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದೀಚೆಗೆ, ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದ ಬಹಳಷ್ಟು ಯಂತ್ರಗಳಲ್ಲಿ ಈ ಗೂಢಲಿಪೀಕರಣ ತಾನಾಗಿಯೇ ಆರಂಭವಾಗುತ್ತದೆ. ಗಣಕ ಕಳುವಾದರೂ ಕಳ್ಳನಿಗೆ ಲೆಕ್ಕಪತ್ರ ದಕ್ಕಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಬಯಾಸ್ ಪರಿಷ್ಕರಣೆಯಾದಾಗ ಅಥವಾ ಮದರ್‌ಬೋರ್ಡ್ ಬದಲಾಯಿಸಿದಾಗ ಯಂತ್ರವು ತನ್ನ ಒಡೆಯನನ್ನೇ ಅನುಮಾನಿಸಿ ಈ ಕೀಲಿಯನ್ನು ಕೇಳುತ್ತದೆ.

ಆಗ ಕೀಲಿ ಎಲ್ಲಿರುತ್ತದೆ? ಮೊದಲು ಪ್ರವೇಶಿಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ! ಆ ಖಾತೆ ನಿಮ್ಮದಾಗಿದ್ದರೆ ಮೊಬೈಲಿನಿಂದ ಸಂಸ್ಥೆಯ ತಾಣದಲ್ಲಿ ನಿಮ್ಮ ಖಾತೆಯನ್ನು ತೆರೆದು, ಸಾಧನಗಳ ಪಟ್ಟಿಯಲ್ಲಿ ಕೀಲಿಯನ್ನು ಓದಿಕೊಳ್ಳಬಹುದು. ನೀಲಿ ಪರದೆಯಲ್ಲಿ ಕಾಣುವ ಗುರುತಿನ ಸಂಖ್ಯೆಯ ಮೊದಲ ಎಂಟು ಅಕ್ಷರಗಳು ಅಲ್ಲಿನ ಗುರುತಿಗೆ ಹೊಂದಬೇಕು. ಖಾತೆ ತಂತ್ರಜ್ಞನದಾಗಿದ್ದರೆ ಕೀಲಿಯೂ ಅವನ ಖಾತೆಯಲ್ಲಿಯೇ. ಅವನು ಊರು ಬಿಟ್ಟಿದ್ದರೆ ಅಥವಾ ಆ ಖಾತೆಯನ್ನು ಮರೆತಿದ್ದರೆ ಮಾಹಿತಿಯನ್ನು ಮರಳಿ ಪಡೆಯುವ ದಾರಿ ಉಳಿಯುವುದಿಲ್ಲ. ಕಳೆದ ಕೀಲಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯೂ ಹೊಸದಾಗಿ ಸೃಷ್ಟಿಸಿ ಕೊಡಲಾರದು. ಬೇರೆ ಪ್ರತಿ ಇಲ್ಲದ ಪಕ್ಷದಲ್ಲಿ ಫಾರ್ಮ್ಯಾಟ್ ಎಂದರೆ ಆ ಲೆಕ್ಕಕ್ಕೆ ಎಳ್ಳುನೀರು ಬಿಟ್ಟಂತೆಯೇ.

ಒಳಗೆ ಬಂದ ಮೇಲಿನ ಬಾಗಿಲುಗಳು

ವಿಂಡೋಸ್ ತೆರೆದುಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬ್ರೌಸರಿನಲ್ಲಿ ನೆನಪಿಟ್ಟಿದ್ದ ಜಿಎಸ್‌ಟಿ, ಇ-ವೇ ಬಿಲ್, ಬ್ಯಾಂಕ್ ತಾಣಗಳ ಪಾಸ್‌ವರ್ಡ್‌ಗಳು ಹೊಸ ಸ್ಥಾಪನೆಯಲ್ಲಿ ಅಳಿದುಹೋಗಿರುತ್ತವೆ. ಇ-ವೇ ಬಿಲ್ ತಾಣದಲ್ಲಿ 2025ರ ಏಪ್ರಿಲ್ 1ರಿಂದ ಎಲ್ಲ ತೆರಿಗೆದಾರರಿಗೂ ಎರಡು ಹಂತದ ದೃಢೀಕರಣ ಕಡ್ಡಾಯವಾಗಿದೆ. ಪಾಸ್‌ವರ್ಡ್ ಜೊತೆಗೆ ನೋಂದಾಯಿತ ಮೊಬೈಲಿಗೆ ಬರುವ ಓಟಿಪಿ ಬೇಕು. ಆ ಮೊಬೈಲು ಯಜಮಾನರ ಜೇಬಿನಲ್ಲಿ ಪಾವಗಡಕ್ಕೆ ಹೋಗಿದ್ದರೆ ಗುಮಾಸ್ತರು ಕೈಕಟ್ಟಿ ಕೂರಬೇಕು. ಇದಕ್ಕಾಗಿ ಗುಮಾಸ್ತರ ಹೆಸರಿನಲ್ಲಿ ಉಪ-ಬಳಕೆದಾರ ಖಾತೆಯನ್ನು ತೆರೆದು ಅವರದೇ ಮೊಬೈಲ್ ಸಂಖ್ಯೆಯನ್ನು ಜೋಡಿಸುವ ಸೌಲಭ್ಯವಿದೆ.

ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ಅದರ ಡ್ರೈವರನ್ನೂ, ಜಿಎಸ್‌ಟಿ ತಾಣಕ್ಕೆ ಬೇಕಾದ ಎಂ-ಸೈನರ್ ತಂತ್ರಾಂಶವನ್ನೂ ಮತ್ತೆ ಸ್ಥಾಪಿಸಿಕೊಳ್ಳಬೇಕು. ಟೋಕನ್ನಿನ ಪಿನ್ ಹಲವು ಬಾರಿ ತಪ್ಪಿದರೆ ಟೋಕನ್ನೇ ಮುಚ್ಚಿಕೊಳ್ಳುತ್ತದೆ. ಟ್ಯಾಲಿ ಬಳಸುವವರು ಹಳೆಯ ವ್ಯವಸ್ಥೆಯನ್ನು ಅಳಿಸುವ ಮುನ್ನವೇ ಪರವಾನಗಿಯನ್ನು ಸರೆಂಡರ್ ಮಾಡಿರಬೇಕು. ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಇಟ್ಟಿದ್ದು ಮರೆತಿದ್ದರೆ ಅದನ್ನು ಮರಳಿ ಪಡೆಯುವ ಮಾರ್ಗವಿಲ್ಲ.

ಎರಡು ಮೂರು ಗಣಕಗಳು ಒಂದೇ ಟ್ಯಾಲಿ ಕಡತವನ್ನು ಹಂಚಿಕೊಂಡಿರುವ ಕಚೇರಿಗಳಿಗೆ ಎರಡು ಎಚ್ಚರಿಕೆಗಳು. ಒಂದು, ಇನ್ನೊಂದು ಯಂತ್ರದ ಫೋಲ್ಡರನ್ನು ತೆರೆಯುವಾಗ ಕೇಳುವುದು ಖಾತೆಯ ಪಾಸ್‌ವರ್ಡ್. ಅಲ್ಲಿ ಪಿನ್ ನಡೆಯುವುದಿಲ್ಲ. ಎರಡು, ಸಮಯ ಉಳಿಸಲೆಂದು ಒಂದು ಯಂತ್ರದಲ್ಲಿ ಸ್ಥಾಪಿಸಿದ ವಿಂಡೋಸ್ ಅನ್ನು ಹಾಗೆಯೇ ನಕಲು ಮಾಡಿ ಉಳಿದ ಯಂತ್ರಗಳಿಗೆ ಹಾಕಿದರೆ ಎಲ್ಲಕ್ಕೂ ಒಂದೇ ಆಂತರಿಕ ಗುರುತು ಬರುತ್ತದೆ. 2025ರ ಆಗಸ್ಟ್ ಅಂತ್ಯದ ನಂತರದ ಪರಿಷ್ಕರಣೆಗಳು ಇಂತಹ ಯಂತ್ರಗಳ ನಡುವಿನ ಪ್ರವೇಶವನ್ನು ತಡೆಯುತ್ತವೆ. ಪಾಸ್‌ವರ್ಡ್ ಸರಿಯಿದ್ದರೂ ಮತ್ತೆ ಮತ್ತೆ ಕೇಳುತ್ತಿದ್ದರೆ ಕಾರಣ ಇದಿರಬಹುದೇ ಎಂದು ತಂತ್ರಜ್ಞನನ್ನು ಪ್ರಶ್ನಿಸಿ.

ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡಿನ ಚಿಕ್ಕ ಬ್ಯಾಟರಿ ಸತ್ತಿದ್ದರೆ ವಿದ್ಯುತ್ ಹೋದಾಗಲೆಲ್ಲ ದಿನಾಂಕ ಹಿಂದಕ್ಕೆ ಜಾರುತ್ತದೆ. ಆಗ ಸುರಕ್ಷಿತ ತಾಣಗಳು ತೆರೆಯಲು ನಿರಾಕರಿಸುತ್ತವೆ. ದಿನಾಂಕ ಸರಿಪಡಿಸಿ, ಆ ಬ್ಯಾಟರಿಯನ್ನು ಬದಲಾಯಿಸಿದರೆ ಸಾಕು.

ಸ್ಥಾಪನೆಗೆ ಮುನ್ನ ವರ್ತಕರು ಮಾಡಬೇಕಾದುದು

1. ಸಂಸ್ಥೆಯ ಹೆಸರಿನಲ್ಲಿ ಒಂದು ಇ-ಮೇಲ್ ವಿಳಾಸ ಮಾಡಿಕೊಳ್ಳಿ. ಅದಕ್ಕೆ ಮಾಲೀಕರ ಮೊಬೈಲ್ ಸಂಖ್ಯೆಯನ್ನೇ ಜೋಡಿಸಿ. ಸ್ಥಾಪನೆಗೆ ಬಂದವರಿಗೆ ಈ ವಿಳಾಸವನ್ನೇ ಬಳಸುವಂತೆ ಹೇಳಿ, ಪಾಸ್‌ವರ್ಡನ್ನು ನೀವೇ ಕುಳಿತು ಒತ್ತಿ.

2. ಟ್ಯಾಲಿ ಕಡತ, ಬಿಲ್ಲುಗಳು, ನುಡಿ ಅಥವಾ ಬರಹದಲ್ಲಿ ಬರೆದ ಪತ್ರಗಳು, ಅವುಗಳ ಫಾಂಟ್‌ಗಳು ಇವನ್ನು ಎರಡು ಬೇರೆ ಬೇರೆ ಸಾಧನಗಳಿಗೆ ನಕಲಿಸಿ. ನಕಲು ತೆರೆಯುತ್ತದೆಯೇ ಎಂದು ಇನ್ನೊಂದು ಗಣಕದಲ್ಲಿ ನೋಡಿ.

3. ಸಂತೆಯ ದಿನ, ಟೆಂಡರ್ ದಿನ, ತಿಂಗಳ 11 ಮತ್ತು 20ರ ಆಸುಪಾಸಿನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಯುಪಿಎಸ್ ಇಲ್ಲದೆ ಸ್ಥಾಪನೆ ಆರಂಭಿಸಬೇಡಿ.

4. ಕೆಲಸ ಮುಗಿದ ನಂತರ ಬಿಟ್‌ಲಾಕರ್ ಕೀಲಿಯನ್ನು ಎರಡು ಪ್ರತಿ ಮುದ್ರಿಸಿಕೊಂಡು, ಒಂದನ್ನು ಅಂಗಡಿಯ ತಿಜೋರಿಯಲ್ಲಿ, ಇನ್ನೊಂದನ್ನು ಮನೆಯಲ್ಲಿ ಇಡಿ. ಗಣಕದೊಳಗೇ ಇಟ್ಟ ಕೀಲಿಯಿಂದ ಪ್ರಯೋಜನವಿಲ್ಲ.

5. ನಿರ್ವಾಹಕ ಅಧಿಕಾರವುಳ್ಳ ಎರಡನೆಯ ಖಾತೆಯೊಂದನ್ನು ಮಾಡಿಸಿ, ಅದರ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿಡಿ.

6. ಹಣ ಪಾವತಿಸುವ ಮುನ್ನ ಯಂತ್ರವನ್ನು ಪೂರ್ಣ ಆರಿಸಿ, ಮತ್ತೆ ಚಾಲೂ ಮಾಡಿ, ನಿಮ್ಮ ಗುಮಾಸ್ತರೇ ಒಳಪ್ರವೇಶಿಸಿ ತೋರಿಸಲಿ. ಒಮ್ಮೆ ಪಿನ್‌ನಿಂದ, ಒಮ್ಮೆ ಪಾಸ್‌ವರ್ಡ್‌ನಿಂದ.

ಇನ್ನೊಂದು ಮಾತು. ಪ್ರವೇಶ ದೊರೆಯದೆ ಪರದಾಡುವಾಗ ಅಂತರಜಾಲದಲ್ಲಿ ಹುಡುಕಿ ಸಿಕ್ಕ ಯಾವುದೋ “ಸಹಾಯವಾಣಿ”ಗೆ ಕರೆ ಮಾಡುವುದು ಅಪಾಯಕರ. ಅಂತಹ ವಂಚಕರು ಮೊದಲು ಕೇಳುವುದು ಓಟಿಪಿ, ಇಲ್ಲವೇ ನಿಮ್ಮ ಪರದೆಯನ್ನು ದೂರದಿಂದ ನಿಯಂತ್ರಿಸುವ ಆ್ಯಪ್. ಹಣ ಕಳೆದುಕೊಂಡರೆ ವಿಳಂಬ ಮಾಡದೆ ರಾಷ್ಟ್ರೀಯ ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಬೇಕು.

ಲಾರಿಯ ಮಾತು

ಆರಂಭದಲ್ಲಿ ನಿಲ್ಲಿಸಿದ್ದ ಲಾರಿಯತ್ತ ಮರಳೋಣ. ಇ-ವೇ ಬಿಲ್ ತಾಣವು ಆ ಗಣಕಕ್ಕೆ ಕಟ್ಟಿಹಾಕಿದ್ದಲ್ಲ. ಬಳಕೆದಾರರ ಹೆಸರು, ಪಾಸ್‌ವರ್ಡ್, ನೋಂದಾಯಿತ ಮೊಬೈಲ್ ಮೂರೂ ಕೈಯಲ್ಲಿದ್ದರೆ ಪಕ್ಕದ ಅಂಗಡಿಯ ಗಣಕದಿಂದಲೂ, ಮೊಬೈಲಿನ ಬ್ರೌಸರಿನಿಂದಲೂ ಬಿಲ್ ತೆಗೆಯಬಹುದು. ಕೆಲಸ ಮುಗಿದ ಮೇಲೆ ಆ ಯಂತ್ರದಿಂದ ಹೊರಬರುವುದನ್ನು ಮರೆಯಬಾರದು, ಅಷ್ಟೆ. ಲಾರಿ ಹತ್ತೂವರೆಗೆ ಹೊರಡಲಿ. ಗಣಕದ ಬಾಗಿಲನ್ನು ಆಮೇಲೆ ಸಾವಧಾನವಾಗಿ, ಕಣ್ಣಿನ ಚಿಹ್ನೆಯಿಂದ ಆರಂಭಿಸಿ ಒಂದೊಂದಾಗಿ ಪರಿಶೀಲಿಸುತ್ತ ತೆರೆಯೋಣ. ಎಲ್ಲ ಮಾರ್ಗಗಳೂ ಮುಗಿಯುವವರೆಗೆ ಫಾರ್ಮ್ಯಾಟ್ ಎಂಬ ಮಾತಿಗೆ ಒಪ್ಪಿಗೆ ಕೊಡಬೇಡಿ.

ನಮ್ಮ ಹಿರಿಯರು ಮಂಡಿಯ ಗಲ್ಲಾಪೆಟ್ಟಿಗೆಗೆ ಬೀಗ ಮಾಡಿಸಿದಾಗ ಬೀಗ ಮಾಡಿದವನಿಗೆ ಕೂಲಿ ಕೊಟ್ಟು, ಎರಡೂ ಕೀಲಿಕೈಗಳನ್ನು ಎಣಿಸಿ ಪಡೆದುಕೊಂಡೇ ಕಳುಹಿಸುತ್ತಿದ್ದರು. ಇಂದು ಲೆಕ್ಕವೆಲ್ಲ ಗಣಕದೊಳಗೆ ಸೇರಿದೆ. ಸದಸ್ಯರು ಈ ವಾರವೇ ತಮ್ಮ ಕಚೇರಿಯ ಯಂತ್ರದ ಮುಂದೆ ಕುಳಿತು, ಅದರಲ್ಲಿರುವುದು ಯಾರ ಖಾತೆ, ಅದಕ್ಕೆ ಜೋಡಿಸಿರುವುದು ಯಾರ ಮೊಬೈಲ್, 48 ಅಂಕೆಗಳ ಆ ಕಾಗದ ಎಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಬೇಕೆಂದು ಕೋರಲಾಗಿದೆ.